ಸುರುಳಿಯಲ್ಲಿ ಉಳಿದ ದನಿ

ಕಲ್ಲಿನ ಮೇಲೆ ಕೆತ್ತಿದ ಅಕ್ಷರ ಸಾವಿರ ವರ್ಷ ನಿಲ್ಲುತ್ತದೆ. ಕಂಠದಿಂದ ಹೊರಟ ಸ್ವರವಾದರೋ ಗಾಳಿಯಲ್ಲಿ ಕಂಪಿಸಿ, ಕೇಳುವವರ ಕಿವಿಯನ್ನು ತಲಪಿ, ಅಲ್ಲಿಗೇ ಮುಗಿದುಹೋಗುತ್ತದೆ. ಆದುದರಿಂದ ಬಹುಕಾಲದವರೆಗೆ ಹಾಡನ್ನು ಉಳಿಸಿಕೊಳ್ಳಲು ಮನುಷ್ಯನಿಗೆ ಇದ್ದ ಮಾರ್ಗ ಒಂದೇ ಆಗಿದ್ದಿತು: ಹಿರಿಯರು ಹಾಡಬೇಕು, ಕಿರಿಯರು ಕೇಳಿ ಕಲಿಯಬೇಕು.

ಹಾವೇರಿ ಜಿಲ್ಲೆಯ ನೆಲ ಈ ಮಾರ್ಗವನ್ನು ಚೆನ್ನಾಗಿ ಬಲ್ಲದು. ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದ ಸಂತ ಷರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ದೇಹ ಬಿಟ್ಟರು. ಅವರ ತತ್ವಪದಗಳು ಭಜನೆಯ ಮೇಳಗಳ ಬಾಯಿಂದ ಬಾಯಿಗೆ ಹರಿದು ನಮ್ಮವರೆಗೆ ಬಂದಿವೆ. ಆದರೆ ಷರೀಫರ ದನಿ ಹೇಗಿದ್ದಿತು, ಯಾವ ಪದವನ್ನು ಅವರು ನಿಧಾನವಾಗಿ ಹಾಡುತ್ತಿದ್ದರು, ಎಲ್ಲಿ ನಿಲ್ಲುತ್ತಿದ್ದರು ಎಂಬುದನ್ನು ಇಂದು ಯಾರೂ ಹೇಳಲಾರರು. ಹಾಡು ಉಳಿಯಿತು, ದನಿ ಉಳಿಯಲಿಲ್ಲ.

ದನಿಯನ್ನು ಹಿಡಿದಿಡುವ ಯಂತ್ರವನ್ನು ಅಮೆರಿಕೆಯ ಥಾಮಸ್ ಆಲ್ವ ಎಡಿಸನ್ನನು 1877ರಲ್ಲಿ ನಿರ್ಮಿಸಿದನು. ನಮ್ಮ ದೇಶದಲ್ಲಿ 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿಯ ಹಾಡುಗಳನ್ನು ಗ್ರಾಮಫೋನು ತಟ್ಟೆಗೆ ಮುದ್ರಿಸಿದರು. ಮುಂದೆ ಆಕೆ ಮೈಸೂರಿನ ಆಸ್ಥಾನವನ್ನು ಸೇರಿ, 1930ರಲ್ಲಿ ಅಲ್ಲಿಯೇ ತೀರಿಕೊಂಡಳು. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಆ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು ಮೂರು ನಿಮಿಷದ ಹಾಡು ಮಾತ್ರ ಹಿಡಿಯುತ್ತಿದ್ದಿತು. ಆದರೂ ಆ ಮೂರು ನಿಮಿಷದ ಬೆಲೆ ಎಷ್ಟೆಂಬುದಕ್ಕೆ ಹಾನಗಲ್ಲಿನ ಹೆಸರನ್ನು ಹೊತ್ತ ಒಂದು ಕಂಠವೇ ಸಾಕ್ಷಿ. ಗಂಗೂಬಾಯಿ ಹಾನಗಲ್ಲರು 1913ರಲ್ಲಿ ಧಾರವಾಡದಲ್ಲಿ ಜನಿಸಿದರು. 1930ರ ದಶಕದಲ್ಲಿ ಮುದ್ರಣಗೊಂಡ ಅವರ ತಟ್ಟೆಗಳಲ್ಲಿ ಕೇಳಿಬರುವುದು ತೆಳುವಾದ ಎತ್ತರದ ದನಿ. ಮುಂದೆ ಗಂಟಲಿಗೆ ಶಸ್ತ್ರಚಿಕಿತ್ಸೆಯಾದ ಬಳಿಕ ಅವರ ಧ್ವನಿ ಗಂಭೀರವಾಗಿ ತಗ್ಗಿತು. ಲೋಕವು ಮೆಚ್ಚಿ ತಲೆದೂಗಿದ್ದು ಈ ಎರಡನೆಯ ದನಿಗೆ. 2009ರಲ್ಲಿ ಅವರು ಕಾಲವಾದರು. ಆ ಹಳೆಯ ತಟ್ಟೆಗಳನ್ನು ಯಾರೂ ಕಾಪಾಡದೆ ಹೋಗಿದ್ದರೆ ಅವರಿಗೆ ಮೊದಲೊಂದು ದನಿಯಿದ್ದಿತೆಂಬುದು ಬರಿಯ ಕಥೆಯಾಗಿ ಉಳಿಯುತ್ತಿದ್ದಿತು.

ಗ್ರಾಮಫೋನು ಯುಗದಲ್ಲಿ ಮುದ್ರಣದ ಅಧಿಕಾರ ದೊಡ್ಡ ಕಂಪನಿಗಳ ಕೈಯಲ್ಲಿದ್ದಿತು. 1950ರ ಜನವರಿ 8ರಂದು ಧಾರವಾಡದ ಆಕಾಶವಾಣಿ ನಿಲಯ ಆರಂಭವಾದ ಮೇಲೆ ಈ ಭಾಗದ ಅನೇಕ ಕಲಾವಿದರ ದನಿ ರೇಡಿಯೋದ ಮೂಲಕ ಮನೆಮನೆಗೆ ತಲಪಿತು. ಆದರೆ ಸಾಮಾನ್ಯ ಗೃಹಸ್ಥನೂ ತನ್ನ ಮನೆಯವರ ದನಿಯನ್ನು ತಾನೇ ಮುದ್ರಿಸಿಕೊಳ್ಳುವಂತಾದದ್ದು ಕ್ಯಾಸೆಟ್ಟು ಬಂದ ನಂತರ. ಹಾಲೆಂಡಿನ ಫಿಲಿಪ್ಸ್ ಕಂಪನಿ 1963ರಲ್ಲಿ ಇದನ್ನು ಹೊರತಂದಿತು. ಕನ್ನಡದಲ್ಲಿ ಇದಕ್ಕೆ ಧ್ವನಿಸುರುಳಿ ಎಂಬ ಅಂದವಾದ ಹೆಸರು ಬಂದಿತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಸುತ್ತಿನ ಹಳ್ಳಿಗಳಲ್ಲಿ ಬೀಸುವ ಪದ, ಸೋಬಾನೆ ಪದ, ಡೊಳ್ಳಿನ ಪದ, ಗೀಗೀ ಪದಗಳನ್ನು ಬಲ್ಲ ಹಿರಿಯರು ಅಂದು ಬಹುಮಂದಿ ಇದ್ದರು. ಮನೆಯಲ್ಲೊಂದು ಟೇಪ್ ರೆಕಾರ್ಡರು ಇದ್ದರೆ ಸಾಕು, ಅವರ ಹಾಡು ಸುರುಳಿಗೆ ಇಳಿಯುತ್ತಿದ್ದಿತು.

ಈ ಸುರುಳಿಯ ರಚನೆ ಸರಳವಾದುದು. ನಾಲ್ಕು ಮಿಲಿಮೀಟರಿಗಿಂತ ತುಸು ಕಡಿಮೆ ಅಗಲದ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಅಂಟಿನಲ್ಲಿ ಕಲಸಿ ಬಳಿದ ಕಬ್ಬಿಣದ ಆಕ್ಸೈಡಿನ ನುಣ್ಣನೆಯ ಪುಡಿ. ಪಟ್ಟಿಯು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಚಲಿಸುವಾಗ, ‘ಹೆಡ್ಡು’ ಎಂದು ಕರೆಯುವ ಸಣ್ಣ ವಿದ್ಯುತ್ಕಾಂತವು ಸ್ವರದ ಏರಿಳಿತಕ್ಕೆ ತಕ್ಕಂತೆ ಪುಡಿಯ ಕಣಗಳನ್ನು ಕಾಂತೀಯಗೊಳಿಸುತ್ತದೆ. ಮರಳಿ ನುಡಿಸುವಾಗ ಅದೇ ಕಣಗಳು ಹೆಡ್ಡಿನಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತವೆ. ಒಂದು ಮಗ್ಗುಲಿಗೆ ಅರ್ಧ ಗಂಟೆ ನುಡಿಯುವ ಸುರುಳಿಯಲ್ಲಿ ಸುಮಾರು 86 ಮೀಟರು ಪಟ್ಟಿ ಇರುತ್ತದೆಂಬುದನ್ನು ವಿದ್ಯಾರ್ಥಿಗಳು ಗುಣಾಕಾರದಿಂದಲೇ ಕಂಡುಕೊಳ್ಳಬಹುದು.

ದನಿಗಾಗಿ ಹುಟ್ಟಿದ ಈ ಸುರುಳಿಯಲ್ಲಿ 1980ರ ದಶಕದ ಹೊತ್ತಿಗೆ ಇನ್ನೊಬ್ಬ ಅತಿಥಿಯೂ ವಾಸಕ್ಕೆ ಬಂದನು. ಅವನೇ ಕಂಪ್ಯೂಟರಿನ ಕ್ರಮವಿಧಿ, ಎಂದರೆ ಪ್ರೋಗ್ರಾಮು. ಮನೆಯ ಟೆಲಿವಿಷನ್ನಿಗೆ ಜೋಡಿಸಿ ಬಳಸಬಹುದಾದ ಚಿಕ್ಕ ಕಂಪ್ಯೂಟರುಗಳು ಆಗ ಬಂದವು. ಇಂಗ್ಲೆಂಡಿನಲ್ಲಿ 1981ರಲ್ಲಿ ಬಿ.ಬಿ.ಸಿ. ಮೈಕ್ರೋ, 1982ರಲ್ಲಿ ಸಿಂಕ್ಲೇರ್ ಸ್ಪೆಕ್ಟ್ರಮ್. ಅಮೆರಿಕೆಯಲ್ಲಿ ಅದೇ ವರ್ಷ ಕಾಮಡೋರ್ 64. ಭಾರತ ಸರಕಾರವು 1984ರಲ್ಲಿ ಆಯ್ದ ಶಾಲೆಗಳಲ್ಲಿ ಕಂಪ್ಯೂಟರ್ ಶಿಕ್ಷಣದ ‘ಕ್ಲಾಸ್’ ಯೋಜನೆಯನ್ನು ಆರಂಭಿಸಿದಾಗ ಬಳಸಿದ್ದು ಬಿ.ಬಿ.ಸಿ. ಮೈಕ್ರೋ ಯಂತ್ರವನ್ನೇ. ಇಂತಹ ಯಂತ್ರಗಳಿಗೆ ಕ್ರಮವಿಧಿಯನ್ನು ಊಡಿಸಲು ಬಹುಮಂದಿ ಸಾಮಾನ್ಯವಾದ ಟೇಪ್ ರೆಕಾರ್ಡರನ್ನು ಉಪಯೋಗಿಸುತ್ತಿದ್ದರು.

ಅಂಕೆಗಳಿಂದಾದ ಕ್ರಮವಿಧಿ ಹಾಡಿನ ಸುರುಳಿಯಲ್ಲಿ ಹೇಗೆ ಕೂಡುತ್ತದೆ? ಕಂಪ್ಯೂಟರಿಗೆ ತಿಳಿಯುವ ಅಂಕೆಗಳು ಎರಡೇ: ಸೊನ್ನೆ ಮತ್ತು ಒಂದು. ಬಿ.ಬಿ.ಸಿ. ಮೈಕ್ರೋ ಯಂತ್ರವು ಸೊನ್ನೆಗೆ ಸೆಕೆಂಡಿಗೆ 1200 ಕಂಪನಗಳ ಸ್ವರದ ಒಂದು ಅಲೆಯನ್ನೂ, ಒಂದಕ್ಕೆ ಅದರ ಇಮ್ಮಡಿ, ಎಂದರೆ 2400 ಕಂಪನಗಳ ಸ್ವರದ ಎರಡು ಅಲೆಗಳನ್ನೂ ಮುದ್ರಿಸುತ್ತಿದ್ದಿತು. ಸಂಗೀತದ ಭಾಷೆಯಲ್ಲಿ ಹೇಳುವುದಾದರೆ ಇವೆರಡೂ ಮಧ್ಯ ಷಡ್ಜ ಮತ್ತು ತಾರ ಷಡ್ಜದಂತೆ. ಆ ಎರಡೇ ಸ್ವರಗಳನ್ನು ಸೆಕೆಂಡಿಗೆ 1200 ಸಲ ಆಯ್ದು ನುಡಿಸಿದ ಹಾಡೇ ಕ್ರಮವಿಧಿ. ಕಿವಿಗೆ ಅದು ಕೀಚಲು ಸದ್ದಿನಂತೆ ಕೇಳುತ್ತದೆ. ಆ ಯಂತ್ರದ 32 ಕಿಲೋಬೈಟ್ ಸ್ಮರಣಕೋಶವನ್ನು ಹೀಗೆ ತುಂಬಲು ಕನಿಷ್ಠ ನಾಲ್ಕೂವರೆ ನಿಮಿಷ ಬೇಕಾಗುತ್ತಿದ್ದಿತು.

ಹಾಡು ಮತ್ತು ಕ್ರಮವಿಧಿ ಒಂದೇ ಮನೆಯಲ್ಲಿ ವಾಸಿಸಿದುದರಿಂದ ಅವುಗಳಿಗೆ ಬರುವ ರೋಗಗಳೂ ಒಂದೇ. ವರ್ಷಗಳು ಕಳೆದಂತೆ ಪುಡಿಯನ್ನು ಹಿಡಿದ ಅಂಟು ಸಡಿಲವಾಗುತ್ತದೆ. ಬಿಸಿಲು ಪಟ್ಟಿಯನ್ನು ಸೆಳೆಯುತ್ತದೆ. ತೇವ ಬೂಷ್ಟನ್ನು ಬೆಳೆಸುತ್ತದೆ. ಧೂಳು ಪಟ್ಟಿಯನ್ನು ಗೀರುತ್ತದೆ. ಬ್ಯಾಡಗಿಯ ವರ್ತಕರು ಮೆಣಸಿನಕಾಯಿಯ ಕೆಂಪು ಮಾಸದಿರಲೆಂದು ಅದನ್ನು ಶೀತಗೃಹದಲ್ಲಿ ಇರಿಸುತ್ತಾರೆ. ಮನೆಯ ಅಟ್ಟದ ಮೇಲಿನ ಸುರುಳಿಗೆ ಅಂತಹ ಆರೈಕೆ ದೊರೆಯುವುದು ವಿರಳ. ಇನ್ನೊಂದು ತೊಂದರೆ ಹೆಡ್ಡಿನ ಓರೆ. ಮುದ್ರಿಸಿದ ಯಂತ್ರದ ಹೆಡ್ಡು ಒಂದು ಕೋನದಲ್ಲಿದ್ದು, ಓದುವ ಯಂತ್ರದ್ದು ಕೂದಲೆಳೆಯಷ್ಟು ಬೇರೆ ಕೋನದಲ್ಲಿದ್ದರೂ ಎತ್ತರದ ಸ್ವರಗಳು ಮಂಕಾಗುತ್ತವೆ. ಆಗ ಹಾಡು ಕಂಬಳಿಯ ಒಳಗಿಂದ ಬಂದಂತೆ ಕೇಳುತ್ತದೆ. ಕ್ರಮವಿಧಿಯಾದರೋ ಕಂಪ್ಯೂಟರಿಗೆ ಅರ್ಥವೇ ಆಗುವುದಿಲ್ಲ. ಹೆಡ್ಡಿನ ಪಕ್ಕದ ಚಿಕ್ಕ ಸ್ಕ್ರೂವನ್ನು ಮೆಲ್ಲನೆ ತಿರುಗಿಸಿ ಸದ್ದು ಅತ್ಯಂತ ಸ್ಪಷ್ಟವಾಗುವಲ್ಲಿ ನಿಲ್ಲಿಸಿದರೆ ಎರಡಕ್ಕೂ ಮದ್ದಾಗುತ್ತದೆ.

ಹಳೆಯ ಸುರುಳಿಗಳನ್ನು ಪುನಃ ಮಾತನಾಡಿಸುವ ಹವ್ಯಾಸಿಗಳು ಜಗತ್ತಿನ ಅನೇಕ ಕಡೆ ಇದ್ದಾರೆ. ಅವರ ಕೆಲಸದ ಕ್ರಮ ಹೀಗಿದೆ. ಮೊದಲು ಸುರುಳಿಯನ್ನು ಪರೀಕ್ಷಿಸುತ್ತಾರೆ. ಬೂಷ್ಟು ಕಂಡರೆ ನುಡಿಸುವುದಿಲ್ಲ, ಏಕೆಂದರೆ ಅದು ಯಂತ್ರವನ್ನೂ ಇತರ ಸುರುಳಿಗಳನ್ನೂ ಕೆಡಿಸುತ್ತದೆ. ಅನಂತರ ಹೆಡ್ಡನ್ನು ಒರೆಸಿ, ಓರೆಯನ್ನು ಸರಿಪಡಿಸಿ, ದನಿಯನ್ನು ಕಂಪ್ಯೂಟರಿಗೆ ಊಡಿಸುತ್ತಾರೆ. ಕಂಪ್ಯೂಟರು ಸೆಕೆಂಡಿಗೆ 44,100 ಸಲ ಆ ಅಲೆಯ ಎತ್ತರವನ್ನು ಅಳೆದು ಅಂಕೆಯಾಗಿ ಬರೆದುಕೊಳ್ಳುತ್ತದೆ. ಅರ್ಧ ಗಂಟೆಯ ಒಂದು ಮಗ್ಗುಲು ಹೀಗೆ ಸುಮಾರು ಹದಿನಾರು ಕೋಟಿ ಬೈಟುಗಳಾಗುತ್ತದೆ. ಅಂಕೆಯಾದ ದನಿಯನ್ನು ಎಷ್ಟು ಸಲ ನಕಲು ಮಾಡಿದರೂ ಅದು ಸವೆಯುವುದಿಲ್ಲ.

ಇಲ್ಲಿಯವರೆಗೆ ಹಾಡು ಮತ್ತು ಕ್ರಮವಿಧಿಗಳ ಹಾದಿ ಒಂದೇ. ಇಲ್ಲಿಂದ ಮುಂದೆ ಅವೆರಡೂ ಬೇರೆಯಾಗುತ್ತವೆ. ಆ ಬೇರೆತನವೇ ನಾವು ಮುಖ್ಯವಾಗಿ ಗಮನಿಸಬೇಕಾದ ಸಂಗತಿ.

ಪೇಟೆಯ ಅಂಗಡಿಯಲ್ಲಿ ಗುಮಾಸ್ತನು ಚೀಲಗಳ ತೂಕವನ್ನು ಒಂದರ ಕೆಳಗೊಂದು ಬರೆದು ಕೊನೆಗೆ ಮೊತ್ತವನ್ನು ಹಾಕುತ್ತಾನೆ. ಇನ್ನೊಬ್ಬನು ಆ ಪಟ್ಟಿಯನ್ನು ನಕಲು ಮಾಡಿದಾಗ ಮೊತ್ತ ತಾಳೆಯಾಗದಿದ್ದರೆ ಎಲ್ಲಿಯೋ ತಪ್ಪಾಗಿದೆ ಎಂದು ತಿಳಿಯುತ್ತದೆ. ಬಿ.ಬಿ.ಸಿ. ಮೈಕ್ರೋ ಯಂತ್ರವು ಕ್ರಮವಿಧಿಯನ್ನು ತುಂಡು ತುಂಡಾಗಿ ಮುದ್ರಿಸಿ, ಪ್ರತಿ ತುಂಡಿನ ಕೊನೆಗೆ ಇಂತಹುದೇ ಒಂದು ತಾಳೆಯ ಅಂಕೆಯನ್ನು ಸೇರಿಸುತ್ತಿದ್ದಿತು. ಆದುದರಿಂದ ನಲವತ್ತು ವರ್ಷಗಳ ಬಳಿಕ ಓದಿದಾಗಲೂ ಒಂದು ಅಕ್ಷರ ತಪ್ಪಿದರೆ ಗೊತ್ತಾಗುತ್ತದೆ. ತಾಳೆಯಾದರೆ ಕ್ರಮವಿಧಿ ಸರಿಯಾಗಿಯೇ ಬಂದಿದೆ ಎಂದು ನಂಬಬಹುದು.

ಹಾಡಿಗೆ ಇಂತಹ ತಾಳೆಯ ಅಂಕೆ ಇಲ್ಲ. ಉದಾಹರಣೆಗೆ, ಟೇಪ್ ರೆಕಾರ್ಡರು ನೂರಕ್ಕೆ ಆರರಷ್ಟು ವೇಗವಾಗಿ ಓಡಿದರೆ ಹಾಡಿನ ಶ್ರುತಿ ಅರ್ಧ ಸ್ವರದಷ್ಟು ಏರುತ್ತದೆ. ಕ್ರಮವಿಧಿಯಲ್ಲಾದರೆ 2400 ಇರಬೇಕಾದ ಕಂಪನ 2544 ಆಗಿರುವುದನ್ನು ಅಳೆದು ತಪ್ಪನ್ನು ಹಿಡಿಯಬಹುದು. ಅಜ್ಜಿ ಹಾಡಿದ ಸೋಬಾನೆಯ ನಿಜವಾದ ಶ್ರುತಿ ಯಾವುದೆಂದು ಸುರುಳಿಯು ತಾನಾಗಿ ಹೇಳುವುದಿಲ್ಲ. ವಿದ್ಯುತ್ತಿನಿಂದ ನಡೆಯುವ ಯಂತ್ರದಲ್ಲಿ ಮುದ್ರಿಸಿದ್ದರೆ, ಸೆಕೆಂಡಿಗೆ 50 ಕಂಪನಗಳ ನಮ್ಮ ವಿದ್ಯುತ್ತಿನ ಗುಂಯ್‌ಗುಡುವ ಸದ್ದು ಹಾಡಿನ ಹಿಂದೆ ಕೆಲವೊಮ್ಮೆ ಸೇರಿಕೊಂಡಿರುತ್ತದೆ. ಅದು 53 ಎಂದು ಕಂಡರೆ ಸುರುಳಿ ವೇಗವಾಗಿ ಓಡುತ್ತಿದೆ ಎಂದು ಊಹಿಸಬಹುದು. ಆದರೆ ವಿದ್ಯುತ್ತಿನ ಕಂಪನವೂ ಆಗಾಗ ತುಸು ಏರಿಳಿಯುವುದರಿಂದ ಇದು ಅಂದಾಜು ಮಾತ್ರ. ಖಚಿತವಾಗಿ ಹೇಳಬಲ್ಲವರು ಆ ದನಿಯನ್ನು ಬದುಕಿನಲ್ಲಿ ಕೇಳಿದವರು: “ಅಲ್ಲ, ನಮ್ಮವ್ವನ ದನಿ ಇದಕ್ಕಿಂತ ದಪ್ಪ ಇತ್ತು” ಎನ್ನಬಲ್ಲ ಮಗಳು, “ಈ ನುಡಿ ಆದಮೇಲೆ ಇನ್ನೊಂದು ನುಡಿ ಬರಬೇಕು” ಎನ್ನಬಲ್ಲ ಜೊತೆಗಾರ್ತಿ. ಕ್ರಮವಿಧಿಯ ತಾಳೆ ಸುರುಳಿಯಲ್ಲಿಯೇ ಇದೆ. ಹಾಡಿನ ತಾಳೆ ಮನುಷ್ಯರ ನೆನಪಿನಲ್ಲಿದೆ. ಆ ಮನುಷ್ಯರು ಹೋದ ಮೇಲೆ ಅದನ್ನು ಮರಳಿ ಪಡೆಯುವ ಉಪಾಯವಿಲ್ಲ.

ಹೀಗೆಂದ ಮಾತ್ರಕ್ಕೆ ಕ್ರಮವಿಧಿಗಳು ನಿರಾತಂಕವಾಗಿ ಉಳಿಯುತ್ತವೆಂದು ಭಾವಿಸಬಾರದು. ಅವುಗಳಿಗೂ ಒಂದು ಆತಂಕವುಂಟು. ಅಕ್ಷರಗಳೆಲ್ಲ ಸರಿಯಾಗಿ ಉಳಿದರೂ ಅವನ್ನು ಓದುವ ಯಂತ್ರ ಉಳಿಯದಿರಬಹುದು. ಇಂಗ್ಲೆಂಡಿನಲ್ಲಿ 1086ರಲ್ಲಿ ಒಬ್ಬ ಅರಸನು ಮಾಡಿಸಿದ ಗ್ರಾಮಗಳ ಲೆಕ್ಕದ ಪುಸ್ತಕವೊಂದಿದೆ. ಅದರ ಹೆಸರು ಡೂಮ್ಸ್‌ಡೇ ಪುಸ್ತಕ. ಅದರ ಒಂಬೈನೂರನೆಯ ವರ್ಷಕ್ಕೆಂದು 1986ರಲ್ಲಿ ಬಿ.ಬಿ.ಸಿ. ಸಂಸ್ಥೆಯು ಹೊಸದೊಂದು ಡೂಮ್ಸ್‌ಡೇ ಸಂಗ್ರಹವನ್ನು ಸಿದ್ಧಪಡಿಸಿತು. ಸಾವಿರಾರು ಶಾಲೆಗಳ ಮಕ್ಕಳು ತಮ್ಮ ತಮ್ಮ ಊರಿನ ವಿವರ ಬರೆದು ಕಳುಹಿಸಿದರು. ಅವನ್ನೆಲ್ಲ ವಿಶೇಷವಾದ ಲೇಸರ್ ತಟ್ಟೆಗಳಲ್ಲಿ ಇರಿಸಲಾಯಿತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ತಟ್ಟೆಯನ್ನು ಓದುವ ಯಂತ್ರಗಳೇ ದುರ್ಲಭವಾದವು. ಒಂಬೈನೂರು ವರ್ಷದ ಹಳೆಯ ಚರ್ಮದ ಪುಟಗಳನ್ನು ಓದಬಹುದಾಗಿದ್ದಿತು. ನಿನ್ನೆ ಮೊನ್ನೆ ಮಕ್ಕಳು ಬರೆದುದನ್ನು ಓದುವುದು ಕಷ್ಟವಾಯಿತು. ಕೊನೆಗೆ 2002ರ ಸುಮಾರಿಗೆ ಸಂಶೋಧಕರು ಅನುಕರಣ ಕ್ರಮವಿಧಿಯ ನೆರವಿನಿಂದ ಅದನ್ನು ಹೊಸ ಕಂಪ್ಯೂಟರಿನಲ್ಲಿ ಮತ್ತೆ ತೆರೆದು ತೋರಿಸಿದರು.

ಅನುಕರಣ ಕ್ರಮವಿಧಿಗೆ ಎಮ್ಯುಲೇಟರ್ ಎಂದು ಹೆಸರು. ದೊಡ್ಡಾಟದಲ್ಲಿ ನಟನು ಕಿರೀಟ, ಭುಜಕೀರ್ತಿ ಧರಿಸಿ ರಂಗದ ಮೇಲೆ ಅರ್ಜುನನಾಗಿಯೇ ವರ್ತಿಸುವಂತೆ, ಹೊಸ ಕಂಪ್ಯೂಟರು ಇದರ ಮೂಲಕ ಹಳೆಯ ಕಂಪ್ಯೂಟರಿನ ವೇಷ ಧರಿಸುತ್ತದೆ. ಹಳೆಯ ಯಂತ್ರ ಒಂದು ಅಪ್ಪಣೆಗೆ ಏನು ಮಾಡುತ್ತಿದ್ದಿತೋ ಅದನ್ನೇ ಮಾಡುತ್ತದೆ. ಹಳೆಯ ಕ್ರಮವಿಧಿಗೆ ತಾನು ಬೇರೆ ಯಂತ್ರದಲ್ಲಿದ್ದೇನೆ ಎಂಬುದೇ ತಿಳಿಯದು.

ಕನ್ನಡಕ್ಕೂ ಈ ಅನುಭವವಾಗಿದೆ. 1998ರಲ್ಲಿ ಬಂದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಮುಂತಾದ ತಂತ್ರಾಂಶಗಳಿಂದ ಕನ್ನಡಿಗರು ಲಕ್ಷಾಂತರ ಪುಟಗಳನ್ನು ಬೆರಳಚ್ಚು ಮಾಡಿದರು. ಆಗಿನ ಪದ್ಧತಿಯಲ್ಲಿ ಕನ್ನಡದ ಆಕೃತಿಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂಡಿಸಲಾಗುತ್ತಿದ್ದಿತು. ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ಕಡತವನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಜಗತ್ತಿನ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸ್ಥಾನ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಳ ದೊರೆತಿದ್ದರೂ ಬಳಕೆಗೆ ಬರಲು ಕಾಲ ಹಿಡಿಯಿತು. ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಕ್ರಮವಿಧಿಗಳನ್ನು ಬರೆದವರಲ್ಲಿ ಬಿಡುವಿನ ವೇಳೆಯಲ್ಲಿ, ಸಂಬಳದ ಆಸೆಯಿಲ್ಲದೆ ದುಡಿದ ಉತ್ಸಾಹಿಗಳೂ ಉಂಟು.

ಇನ್ನು ಸಂಗೀತದ ಮಿಶ್ರಣದ ವಿಷಯ. ಹಾಡು, ಹಾರ್ಮೋನಿಯಂ, ಡೊಳ್ಳು, ತಾಳ ಇವುಗಳನ್ನು ಬೇರೆ ಬೇರೆ ಪಟ್ಟಿಗಳಲ್ಲಿ ಮುದ್ರಿಸಿಕೊಂಡು, ಒಂದೊಂದರ ಪ್ರಮಾಣವನ್ನೂ ತೂಗಿಸಿ ಒಂದುಗೂಡಿಸುವುದಕ್ಕೆ ಮಿಶ್ರಣ ಎನ್ನುತ್ತಾರೆ. 1979ರಲ್ಲಿ ಜಪಾನಿನ ಟಾಸ್ಕಾಂ ಕಂಪನಿಯು ಸಾಧಾರಣ ಕ್ಯಾಸೆಟ್ಟಿನಲ್ಲಿಯೇ ನಾಲ್ಕು ಪಟ್ಟಿಗಳನ್ನು ಮುದ್ರಿಸುವ ಯಂತ್ರವನ್ನು ತಂದಾಗ ಈ ಕಲೆ ಹವ್ಯಾಸಿಗಳ ಮನೆಗೆ ಬಂದಿತು. 1987ರಲ್ಲಿ ಅಮಿಗಾ ಎಂಬ ಕಂಪ್ಯೂಟರಿಗೆ ನಾಲ್ಕು ದನಿಗಳನ್ನು ಪೋಣಿಸುವ ಕ್ರಮವಿಧಿ ಹೊರಟಿತು. ಅದರಿಂದ ತರುಣರು ಕಟ್ಟಿದ ಹಾಡುಗಳನ್ನು ಇಂದಿಗೂ ಹೊಸ ಯಂತ್ರಗಳಲ್ಲಿ ನುಡಿಸಬಹುದು. 2000ದಲ್ಲಿ ಬಂದ ಅಡಾಸಿಟಿ ಎಂಬ ಕ್ರಮವಿಧಿಗೆ ಬೆಲೆಯೇ ಇಲ್ಲ. ಶಾಲೆಯ ಕಂಪ್ಯೂಟರಿನಲ್ಲಿಯೂ ಅದನ್ನು ಬಳಸಬಹುದು.

ಒಳ್ಳೆಯ ಮಿಶ್ರಣಕಾರನು ಹಾಡು ಕೇಳಿಸದಿದ್ದಾಗ ಹಾಡನ್ನು ಏರಿಸಲು ಅವಸರಪಡುವುದಿಲ್ಲ; ಡೊಳ್ಳನ್ನು ತುಸು ತಗ್ಗಿಸಿ ನೋಡುತ್ತಾನೆ. ಹಳೆಯ ಸುರುಳಿಯಲ್ಲಿ ಎಲ್ಲ ದನಿಗಳೂ ಒಂದೇ ಪಟ್ಟಿಯಲ್ಲಿ ಸಾರಿಗೆ ಬಿದ್ದ ಉಪ್ಪಿನಂತೆ ಕರಗಿಹೋಗಿರುತ್ತವೆ. ಅವುಗಳನ್ನು ಬೇರ್ಪಡಿಸುವ ಕ್ರಮವಿಧಿಗಳು ಈಗ ಬಂದಿವೆಯಾದರೂ ಅವು ಕೊಡುವುದರಲ್ಲಿ ಒಂದಂಶ ಊಹೆಯೇ ಆಗಿರುತ್ತದೆ. ಗೊರಗೊರ ಸದ್ದನ್ನು ಅಳಿಸಹೊರಟರೆ ಹಾಡುವವರ ಉಸಿರೂ ಅಳಿಸಿಹೋಗಬಹುದು. ಇಲ್ಲಿ ರಾಣೆಬೆನ್ನೂರಿನ ಸುತ್ತಣ ರೈತರ ವಿವೇಕ ನಮಗೆ ಬೇಕು. ಬೀಜಕ್ಕೆಂದು ಎತ್ತಿಟ್ಟ ಕಾಳನ್ನು ಅವರು ಅಡುಗೆಗೆ ಮುಟ್ಟುವುದಿಲ್ಲ. ಸುರುಳಿಯಿಂದ ಮೊದಲು ಇಳಿಸಿಕೊಂಡ ನಕಲು, ಅದರ ಗೊರಗೊರ ಸದ್ದಿನ ಸಮೇತ, ಬೀಜದ ಕಾಳು. ಅದನ್ನು ಹಾಗೆಯೇ ಎರಡು ಮೂರು ಕಡೆ ಇರಿಸಬೇಕು. ಮಿಶ್ರಣ, ಶೋಧನೆ, ಅಲಂಕಾರಗಳೆಲ್ಲವೂ ಇನ್ನೊಂದು ನಕಲಿನ ಮೇಲೆ ನಡೆಯಲಿ.

ಮತ್ತೊಂದು ಎಚ್ಚರವೂ ಅಗತ್ಯ. ನಮ್ಮ ದೇಶದ ಕಾನೂನಿನಂತೆ ಪ್ರಕಟವಾದ ಧ್ವನಿಮುದ್ರಣದ ಹಕ್ಕು ಅರವತ್ತು ವರ್ಷ ಇರುತ್ತದೆ. ಆದ್ದರಿಂದ ಕಂಪನಿಗಳ ಹಾಡನ್ನು ಒಪ್ಪಿಗೆಯಿಲ್ಲದೆ ಮಿಶ್ರಣ ಮಾಡಿ ಹಂಚಬಾರದು. ಮನೆಯ ಸುರುಳಿಯಾದರೂ ಹಾಡಿದವರ ಅಥವಾ ಅವರ ಮನೆಯವರ ಅನುಮತಿ ಕೇಳುವುದು ಸಭ್ಯತೆ.

ಹಾವೇರಿ ಜಿಲ್ಲೆಯ ಮಣ್ಣಿನಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದಿದ್ದರೂ ನೂರಾರು ಮಕ್ಕಳಿಗೆ ಸ್ವರವನ್ನು ಕಿವಿಯಿಂದ ಕಿವಿಗೆ ದಾಟಿಸಿದರು. 2011ರಲ್ಲಿ ಇದೇ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಸ್ಥಾಪಿತವಾಗಿದೆ. ದೊಡ್ಡವರು ದೊಡ್ಡ ಕೆಲಸವನ್ನು ಮಾಡಲಿ. ಅಟ್ಟದ ಮೇಲಿನ ಸುರುಳಿಯನ್ನು ಕೆಳಗಿಳಿಸುವ ಕೆಲಸ ಮಾತ್ರ ಆಯಾ ಮನೆಯ ಮಕ್ಕಳದು. ನಕಲು ಮಾಡಿದ ಮೇಲೆ ಅದನ್ನು ಹಿರಿಯರ ಮುಂದೆ ನುಡಿಸಬೇಕು. ಹಾಡಿದವರು ಯಾರು, ಯಾವ ಊರು, ಯಾವ ವರ್ಷ, ಯಾವ ಸಂದರ್ಭ, ಬಿಟ್ಟುಹೋದ ನುಡಿ ಯಾವುದು ಎಂದು ಕೇಳಿ ಬರೆದುಕೊಳ್ಳಬೇಕು. ಸುರುಳಿ ಇನ್ನೂ ಕೆಲವು ವರ್ಷ ಕಾಯಬಹುದು; ಅದನ್ನು ತಾಳೆ ನೋಡಬಲ್ಲ ಅಜ್ಜಿ ಅಷ್ಟು ಕಾಲ ಕಾಯಲಾರಳು.

ಅಭ್ಯಾಸ

1. ಗಂಗೂಬಾಯಿ ಹಾನಗಲ್ಲರ ಹಳೆಯ ಧ್ವನಿಮುದ್ರಿಕೆಗಳು ಏಕೆ ಅಮೂಲ್ಯವಾದವು?
2. ಕ್ರಮವಿಧಿಯನ್ನು ಧ್ವನಿಸುರುಳಿಯಲ್ಲಿ ಮುದ್ರಿಸುತ್ತಿದ್ದ ರೀತಿಯನ್ನು ವಿವರಿಸಿರಿ.
3. “ಹಾಡಿನ ತಾಳೆ ಮನುಷ್ಯರ ನೆನಪಿನಲ್ಲಿದೆ.” ಈ ಮಾತನ್ನು ಸಮರ್ಥಿಸಿರಿ.
4. ‘ಬೀಜದ ಕಾಳು’ ಎಂಬ ಹೋಲಿಕೆಯಿಂದ ಲೇಖಕರು ಯಾವ ನಿಯಮವನ್ನು ತಿಳಿಸಿದ್ದಾರೆ?
5. ನಿಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಇರುವ ಒಂದು ಹಳೆಯ ಧ್ವನಿಮುದ್ರಣದ ವಿವರವನ್ನು ಹಿರಿಯರಿಂದ ಕೇಳಿ ಒಂದು ಪುಟದಷ್ಟು ಬರೆಯಿರಿ.